ಮಾವನ ಭುಜ ಮತ್ತು ಹಳದಿ ಪಿನ್ನು

ಯಾರ ಮನೆಗೆ ಹೋದರೂ ಟಿವಿಯ ಹಿಂದೆ ಇಣುಕುವ ಕೆಟ್ಟ ಚಾಳಿಯೊಂದು ನನಗಿದೆ. ಎದುರಿನಿಂದ ನೋಡಿದರೆ ಎಲ್ಲರ ಮನೆಯ ಟಿವಿಯೂ ಒಂದೇ. ಹಿಂದೆ ಹೋದರೆ ಒಂದೊಂದು ಮನೆಯ ಬಾಳೂ ಒಂದೊಂದು ಬಗೆ. ಜೇಡರ ಬಲೆ, ಎಂದೋ ಬಿದ್ದು ಯಾರೂ ಹುಡುಕದ ಬಾಚಣಿಗೆ, ಒಣಗಿದ ವೀಳ್ಯದೆಲೆಯ ತೊಟ್ಟು, ಮತ್ತು ಇವೆಲ್ಲದರ ನಡುವೆ ತಪ್ಪು ತೂತಿನಲ್ಲಿ ಸಿಕ್ಕಿಕೊಂಡ ಒಂದು ವಾಯರು. "ಮಂದಿ ಮನಿಗೆ ಹೋದ್ರ ಎಲ್ಲಾರೂ ದೇವರ ಜಗಲಿಗೆ ಕೈ ಮುಗೀತಾರ, ಈಕಿ ಟಿವಿ ಬೆನ್ನಿಗೆ ಮುಗೀತಾಳ" ಎಂದು ನಮ್ಮ ಯಜಮಾನರು ಬೈಲಹೊಂಗಲದ ತುಂಬ ಹೇಳಿಕೊಂಡು ಬಂದಿದ್ದಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೀಗಾಗಿ ಜನ ಅದನ್ನು ಹುಚ್ಚು ಎನ್ನದೆ ವಿದ್ಯೆ ಎಂದುಕೊಂಡು ಸುಮ್ಮನಾಗುತ್ತಾರೆ.

ಒಮ್ಮೆ ಹೂಲಿಯಲ್ಲಿ, ಸಹೋದ್ಯೋಗಿಯೊಬ್ಬಳ ತವರುಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಅಲ್ಲಿ ಬಣ್ಣದ ಟಿವಿಯಲ್ಲಿ ಕಪ್ಪು-ಬಿಳುಪು ಚಿತ್ರ ಬರುತ್ತಿತ್ತು. ಕೇಳಿದರೆ ಮನೆಯ ಅಜ್ಜಿ, "ಹಳೀದು ಆತಲ್ಲವಾ, ಬಣ್ಣ ತೀರೇತಿ" ಎಂದರು. ದೀಪದಲ್ಲಿ ಎಣ್ಣೆ ತೀರಿದ್ದನ್ನು ಹೇಳುವಷ್ಟು ಸಹಜವಾಗಿ. ಹಿಂದೆ ಬಗ್ಗಿ ನೋಡಿದೆ. ಹಳದಿ ಪಿನ್ನು ಪಕ್ಕದ ಹಸಿರು ತೂತಿನಲ್ಲಿತ್ತು. ಕಿತ್ತು ಹಳದಿ ತೂತಿಗೆ ಸಿಕ್ಕಿಸಿ, ರಿಮೋಟಿನ ಒಂದು ಗುಂಡಿ ಒತ್ತಿದೆ. ಧಾರಾವಾಹಿಯ ಸೊಸೆ ಗಿಣಿಹಸಿರು ಸೀರೆಯಲ್ಲಿ ಪ್ರತ್ಯಕ್ಷಳಾದಳು. ಅಜ್ಜಿ ಬಹಳ ಹೊತ್ತು ನೋಡಿದರು. "ನಾ ಇಕಿದು ಕೆಂಪ ಸೀರಿ ಅನ್ಕೊಂಡಿದ್ನಲ್ಲವಾ..." ಎಂದು ಸ್ವಲ್ಪ ನಿರಾಸೆಯಿಂದಲೇ ಒಳಗೆ ಹೋದರು. ಚಿತ್ರ ಸ್ಪಷ್ಟವಾದರೆ ಎಲ್ಲರಿಗೂ ಸಂತೋಷವಾಗುತ್ತದೆ ಎಂಬ ನನ್ನ ನಂಬಿಕೆಗೆ ಅಂದೇ ಸಣ್ಣದೊಂದು ಬಿರುಕು ಬಿಟ್ಟಿರಬೇಕು.

ಈ ಚಾಳಿ ನನಗೆ ಹತ್ತಿದ್ದು ನವಿಲುತೀರ್ಥದಲ್ಲಿ. ಅಪ್ಪ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಅದು. ಮಲಪ್ರಭೆಯನ್ನು ತಡೆದು ನಿಲ್ಲಿಸಲು ಹೇಳಿ ಮಾಡಿಸಿದ ಜಾಗ. ಟಿವಿಯ ಅಲೆಗಳನ್ನೂ ಆ ಗುಡ್ಡಗಳು ಅಷ್ಟೇ ಶ್ರದ್ಧೆಯಿಂದ ತಡೆಯುತ್ತಿದ್ದವು. ಅಪ್ಪ ಮಾಳಿಗೆಯ ಮೇಲೆ ಉದ್ದನೆಯ ಪೈಪು ನಿಲ್ಲಿಸಿ ಅದರ ತುದಿಗೆ ಆಂಟೆನಾ ಕಟ್ಟಿದ್ದರು. ಭಾನುವಾರ ಸಂಜೆಯಾದರೆ ಅವರು ಮೇಲೆ, ಅವ್ವ ಕಿಟಕಿಯಲ್ಲಿ, ನಾನು ಟಿವಿಯ ಮುಂದೆ.

"ಬಂತನು?"

"ಬಂತನ ಸುಮಾ?"

"ಬಂತು! ಹೋತು! ಹೇ, ಅಲ್ಲೇ ಇತ್ತು, ಯಾಕ ತಿರುವಿದ್ರಿ!"

ನನ್ನ ಮಾತು ಅವ್ವನ ಬಾಯಿಂದ ಅಪ್ಪನಿಗೆ ತಲುಪುವಷ್ಟರಲ್ಲಿ ಆಂಟೆನಾ ಇನ್ನೊಂದು ದಿಕ್ಕಿಗೆ ಹೊರಳಿರುತ್ತಿತ್ತು. ಅರ್ಧ ಸಿನಿಮಾ ನಾವು ಹೀಗೆಯೇ ಕೂಗಾಟದಲ್ಲಿ ಕಳೆದಿದ್ದೇವೆ. ಆದರೂ ಒಮ್ಮೊಮ್ಮೆ ಆ ಬಿಳಿ ಚುಕ್ಕೆಗಳ ಸುರಿಮಳೆ ಥಟ್ಟನೆ ನಿಂತು ಒಂದು ಮುಖ ತಿಳಿಯಾಗಿ ಮೂಡುತ್ತಿತ್ತಲ್ಲ, ಆ ಸುಖವನ್ನು ಇಂದಿನ ಯಾವ ದೊಡ್ಡ ಪರದೆಯೂ ನನಗೆ ಕೊಟ್ಟಿಲ್ಲ.

ಅದೇ ಮನೆಗೆ, ಅದೇ ಟಿವಿಯ ಮುಂದೆ ನಿಂಗಪ್ಪ ಮಾವ ಒಂದು ವಿಡಿಯೊ ಕ್ಯಾಸೆಟ್ ಹಿಡಿದುಕೊಂಡು ಬಂದು ಕುಳಿತ. ನಿಂಗಪ್ಪ ಮಾವ ಅವ್ವನ ತಮ್ಮ. ರಾಮದುರ್ಗದಲ್ಲಿ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದವನು. ಆದರೆ ಅವನನ್ನು ನೇಕಾರ ಎಂದು ಯಾರೂ ಕರೆಯುತ್ತಿರಲಿಲ್ಲ. ನಿಂಗಪ್ಪ ಪೈಲ್ವಾನ ಎಂದರೇ ಸುತ್ತಲಿನ ಊರುಗಳಿಗೆ ಗೊತ್ತು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ಊಟಕ್ಕೆ ಕುಳಿತರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುವಂತಿರಲಿಲ್ಲ.

ಆ ವರ್ಷ ರಾಮದುರ್ಗದಲ್ಲಿ ಹೊಸ ಗರಡಿಮನೆ ಕಟ್ಟಿದ ಸಂತೋಷಕ್ಕೆ ಕುಸ್ತಿ ಇಟ್ಟಿದ್ದರು. ಕೊನೆಯ ದೊಡ್ಡ ಜೋಡಿ ನಮ್ಮ ಮಾವ ಮತ್ತು ಯರಗಟ್ಟಿಯ ದಸ್ತಗೀರ ಪೈಲ್ವಾನ. ಹೆಣ್ಣುಮಕ್ಕಳು ಕುಸ್ತಿಗೆ ಹೋಗುವ ರೂಢಿ ಆಗ ಇರಲಿಲ್ಲ. ನಾನು ನೋಡಿದ್ದೆಲ್ಲ ಆಮೇಲೆ ಕ್ಯಾಸೆಟ್ಟಿನಲ್ಲಿಯೇ. ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಜಗ್ಗಾಡಿದ ಮೇಲೆ ದಸ್ತಗೀರ ಮಾವನನ್ನು ಹೆಗಲ ಮೇಲೆ ಎತ್ತಿ, ಅಗಸ ಬಟ್ಟೆ ಎತ್ತಿ ಒಗೆದಂತೆ ಒಗೆದ. ಮಾವ ಗಾಳಿಯಲ್ಲಿಯೇ ಮೈ ಹೊರಳಿಸಿ ಪಕ್ಕಕ್ಕೆ ಬಿದ್ದ. ದಸ್ತಗೀರ ಮೇಲೆ ಬಿದ್ದ. ಧೂಳೆದ್ದಿತು. ತೀರ್ಪು ಕೊಡುವ ಪಂಚರು ಬಗ್ಗಿ ನೋಡಿ ದಸ್ತಗೀರನ ಕೈ ಎತ್ತಿದರು. ಕುಸ್ತಿಯಲ್ಲಿ ಎರಡೂ ಭುಜ ಮಣ್ಣಿಗೆ ಹತ್ತಿದರೆ ಮಾತ್ರ ಸೋಲು, ಅದಕ್ಕೆ ಚಿತ್ ಆಗುವುದು ಎನ್ನುತ್ತಾರೆ. ಬಲ ಭುಜ ಹತ್ತಿತ್ತು, ಎಡ ಭುಜ ಹತ್ತಿರಲಿಲ್ಲ ಎಂಬುದು ಮಾವನ ವಾದ. ಗದ್ದಲವಾಯಿತು. ಪಂಚರು ಎತ್ತಿದ ಕೈಯನ್ನು ಇಳಿಸಲಿಲ್ಲ.

ಮದುವೆಗಳಿಗೆ ವಿಡಿಯೊ ತೆಗೆಯುವ ಒಬ್ಬ ಸ್ಟುಡಿಯೊದವನು ಆ ಕುಸ್ತಿಯನ್ನೂ ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ತೆಗೆದಿದ್ದ. ಮಾವ ಮರುದಿನವೇ ಅವನ ಬೆನ್ನು ಹತ್ತಿ ಕ್ಯಾಸೆಟ್ ತೆಗೆದುಕೊಂಡ. ಅಪ್ಪ ಸವದತ್ತಿಯಿಂದ ಬಾಡಿಗೆಗೆ ವಿಸಿಆರ್ ತಂದರು. ಈ ಚಿತ್ರ ಗುಡ್ಡ ಹತ್ತಿ ಬರಬೇಕಾಗಿಲ್ಲ, ಪಕ್ಕದ ಪೆಟ್ಟಿಗೆಯಿಂದ ಟಿವಿಗೆ ಒಂದು ಮೊಳ ಬಂದರೆ ಸಾಕು ಎಂದು ನಾವೆಲ್ಲ ಖುಷಿಯಲ್ಲಿದ್ದೆವು. ಆದರೆ ನಮ್ಮ ಟಿವಿಗೆ ಇದ್ದದ್ದು ಆಂಟೆನಾದ ಒಂದೇ ತೂತು. ಆ ಒಂದು ಮೊಳದ ದಾರಿಯಲ್ಲಿಯೇ ಚಿತ್ರ ಅಷ್ಟು ಚುಕ್ಕೆಗಳನ್ನು ಮೈಗೆ ಮೆತ್ತಿಕೊಂಡು ಬಂತು. ಮಣ್ಣು ಯಾವುದು, ಮಾವ ಯಾವುದು ತಿಳಿಯಲಿಲ್ಲ.

ಮಾವ ಟಿವಿಯ ಗಾಜಿಗೆ ಮೂಗು ಹಚ್ಚಿ ಕುಳಿತು ಹೇಳಿದ: "ಎಳಿ ಕಡದ ನೇಯ್ಗಿ ಆಗೇತಿದು. ಇನ್ನೊಂದೀಟು ತಿಳಿ ಆದ್ರ ಕಾಣ್ತೈತಿ ನೋಡು."

ಆಮೇಲೆ ಅವನು ಅಖಾಡಕ್ಕೆ ಇಳಿಯಲಿಲ್ಲ. ಊರೂರುಗಳಿಂದ ಜೋಡಿ ಕೇಳಿಕೊಂಡು ಬಂದರು, ಗರಡಿಮನೆಯ ಹಿರಿಯರು ಬಂದು ಹೇಳಿದರು. "ಅದು ತೀರ್ಮಾನ ಆಗೂತನಕ ಇನ್ನೊಂದು ಹೆಂಗ ಹಿಡೀಲಿ?" ಎಂಬುದೊಂದೇ ಉತ್ತರ. ಬೆಳಗಾವಿಗೆ ಹೊರಟರೆ ಬಸ್ಸು ದಸ್ತಗೀರನ ಊರಾದ ಯರಗಟ್ಟಿಯಲ್ಲಿ ನಿಲ್ಲುತ್ತದೆ. ಎಲ್ಲರೂ ಚಹಕ್ಕೆ ಇಳಿದರೆ ಮಾವ ಇಳಿಯುತ್ತಿರಲಿಲ್ಲ, ಕಿಟಕಿಯ ಪರದೆ ಎಳೆದುಕೊಂಡು ಕುಳಿತಿರುತ್ತಿದ್ದ. ನಾವು ಅದನ್ನು ನೋಡಿ ನಗುತ್ತಿದ್ದೆವು. ಒಬ್ಬ ಮನುಷ್ಯ ತನಗೆ ಬರುವ ಒಂದೇ ದೊಡ್ಡ ಕೆಲಸವನ್ನು ಇಪ್ಪತ್ತೆಂಟನೆಯ ವಯಸ್ಸಿಗೆ ಬಿಟ್ಟುಬಿಟ್ಟಿದ್ದಾನೆ ಎಂಬುದು ನಗುವ ವಿಷಯವಲ್ಲ ಎಂದು ಮನೆಯಲ್ಲಿ ತಿಳಿದಿದ್ದವರು ಗಂಗವ್ವ ಅತ್ತಿ ಒಬ್ಬರೇ. ಅವರು ಮಾವನ ಹೆಂಡತಿ. ಅವರು ಅದನ್ನು ನೇರವಾಗಿ ಹೇಳುತ್ತಿರಲಿಲ್ಲ. "ನಾ ಮದುವಿ ಆಗಿ ಬಂದಾಗಿಂದ ಇದೊಂದಽ ಸಿನಿಮಾ ನೋಡಾಕತ್ತೇನಿ ನೋಡವಾ. ಹಾಡಿಲ್ಲ, ಹೆಣ್ಣಿಲ್ಲ" ಎನ್ನುತ್ತಿದ್ದರು.

ನಾನು ಓದಿ, ನೌಕರಿ ಹಿಡಿದು, ಬೈಲಹೊಂಗಲದಲ್ಲಿ ಮನೆ ಮಾಡಿ, ನನ್ನದೇ ಟಿವಿ, ವಿಸಿಆರ್ ಕೊಂಡಾಗ ಟಿವಿಯ ಹಿಂದೆ ಮೂರು ತೂತುಗಳಿದ್ದವು. ಹಳದಿ, ಬಿಳಿ, ಕೆಂಪು. ಬಿಳಿ-ಕೆಂಪು ಧ್ವನಿಗೆ, ಹಳದಿ ಚಿತ್ರಕ್ಕೆ. ಆಂಟೆನಾ ದಾರಿಯಲ್ಲಿ ಧ್ವನಿ, ಚಿತ್ರ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕಳಿಸಿ ಆಮೇಲೆ ಬಿಚ್ಚಬೇಕು, ಬಿಚ್ಚುವಾಗ ಅರ್ಧ ಹರಿಯುತ್ತದೆ. ಹಳದಿ ಪಿನ್ನಿನಲ್ಲಿ ಚಿತ್ರ ತನ್ನಷ್ಟಕ್ಕೆ ತಾನು ನಡೆದು ಬರುತ್ತದೆ. ಮಾವನಿಗೆ ಫೋನು ಮಾಡಿದೆ. ಮುಂದಿನ ಬಸ್ಸಿಗೇ ಬಂದ, ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು.

ಚಿತ್ರ ಮೂಡಿತು. ಕೆಂಪು ಲಂಗೋಟಿ ಮಾವ, ನೀಲಿ ಲಂಗೋಟಿ ದಸ್ತಗೀರ ಎಂದು ಮೊದಲ ಸಲ ತಿಳಿಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಶೇಂಗಾ ಸುಲಿಯುತ್ತಿದ್ದ, ಅದೂ ಕಂಡಿತು. ಭುಜ ಮಾತ್ರ ಕಾಣಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿದರೆ ಪರದೆಯ ನಡುವೆ ದಪ್ಪ ಬಿಳಿ ಗೆರೆಗಳು ಕುಣಿಯುತ್ತಿದ್ದವು. ಓಡುವಾಗ ಚೆನ್ನಾಗಿರುವ ಚಿತ್ರ ನಿಲ್ಲಿಸಿದ ಕೂಡಲೇ ಕೆಡುತ್ತಿತ್ತು.

"ಚೊಲೋ ಆಗೇತಿ ಸುಮಾ" ಎಂದ ಮಾವ. "ಇನ್ನೊಂದೀಟು."

ಈ 'ಇನ್ನೊಂದೀಟು' ನನ್ನ ಜೀವನದ ಉದ್ಯೋಗವಾಯಿತು. ಬೆಳಗಾವಿಯಿಂದ ತುದಿಗೆ ಬಂಗಾರದ ಬಣ್ಣದ ಲೇಪ ಕೊಟ್ಟ ದಪ್ಪ ವಾಯರು ತಂದೆ. ನನಗೆ ಏನೂ ಬದಲಾದಂತೆ ಕಾಣಲಿಲ್ಲ. ಮಾವ ಬಹಳ ಹೊತ್ತು ನೋಡಿ, "ಬಂಗಾರ ಹಿಂದಽ ಐತೆವಾ, ಮುಂದ ಬಂದಿಲ್ಲ" ಎಂದ. ವಿಸಿಆರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಬಿಚ್ಚಿ ಒರೆಸಿದೆ. ಗೆರೆ ಹೋಗಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಮಂತ್ರವಾದಿಯಂತೆ ಕೂದಲೆಳೆಯಷ್ಟೇ ತಿರುಗಿಸಿ ನೋಡಿದೆ. ಮುಂದೆ ಗೋಡೆಗೆ ತೂಗುಹಾಕುವ ಅಗಲ ಟಿವಿ ಬಂತು. ಅದಕ್ಕೆಂದು ಕ್ಯಾಸೆಟ್ಟನ್ನು ಒಂದು ಅಂಗಡಿಯಲ್ಲಿ ಕೊಟ್ಟು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದೆ. ಈಗಿನ ಚಪ್ಪಟೆ ಎಚ್‌ಡಿಎಂಐ ವಾಯರಿನಲ್ಲಿ ಚುಕ್ಕೆಯಿಲ್ಲ, ಗೆರೆಯಿಲ್ಲ, ಎಲ್ಲ ಸ್ವಚ್ಛ ಎಂದು ಮಾವನಿಗೆ ಆಸೆ ಹುಟ್ಟಿಸಿದೆ. ಹಾಕಿದರೆ ಇಬ್ಬರೂ ಪೈಲ್ವಾನರು ಅಡ್ಡಡ್ಡ ಹಿಗ್ಗಿ ಕುಂಬಳಕಾಯಿಯಂತಾಗಿದ್ದರು. ಹಿಗ್ಗಿದ್ದನ್ನು ಸೆಟ್ಟಿಂಗಿನಲ್ಲಿ ಸರಿ ಮಾಡಿದೆ. ಆದರೆ ಧೂಳೆದ್ದ ಗಳಿಗೆಯಲ್ಲಿ ಎಲ್ಲವೂ ಚೌಕ ಚೌಕವಾಗಿ ಒಡೆಯಿತು. ಇಳಿಸಿದವರು ಯಾವುದೋ ಸವಕಲು ವಾಯರು ಹಚ್ಚಿ ಇಳಿಸಿದ್ದರು. ಕೆಟ್ಟಿದ್ದನ್ನು ಎಷ್ಟು ಒಳ್ಳೆಯ ದಾರಿಯಲ್ಲಿ ತಂದರೂ ಕೆಟ್ಟದ್ದೇ ಬರುತ್ತದೆ.

"ಇದು ನೇಯ್ಗಿ ಅಲ್ಲ, ತುಂಡು ಕೂಡಿಸಿದ ಕೌದಿ" ಎಂದ ಮಾವ.

ಗಂಗವ್ವ ಅತ್ತಿ ತೀರಿಕೊಂಡ ಮೇಲೆ ಅವನು ಕ್ಯಾಸೆಟ್ಟು ತರುವುದನ್ನು ನಿಲ್ಲಿಸಿದ. ನಾನೂ ಕೇಳಲಿಲ್ಲ.

ಹೋದ ವರ್ಷ ಒಂದು ದಿನ ಸಾಲೆ ಬಿಟ್ಟು ಮನೆಗೆ ಬಂದರೆ ಕಟ್ಟೆಯ ಮೇಲೆ ಒಬ್ಬ ಹಿರಿಯರು ಕುಳಿತಿದ್ದರು. ಬಿಳಿ ಟೊಪ್ಪಿಗೆ, ಬಿಳಿ ಗಡ್ಡ, ತುಸು ಒಡೆದು ಮುರುಟಿದ ಕಿವಿಗಳು. ಪೈಲ್ವಾನರ ಕಿವಿಗಳು ಹಾಗೆಯೇ ಆಗುತ್ತವೆ, ಮಾವನವೂ ಹಾಗೆಯೇ ಇವೆ. ನೋಡಿದ ಕೂಡಲೇ ಗುರುತು ಹಿಡಿದೆ. ಎಷ್ಟೋ ವರ್ಷ ನಾನು ಚುಕ್ಕೆಗಳಲ್ಲಿ, ಗೆರೆಗಳಲ್ಲಿ, ಚೌಕಗಳಲ್ಲಿ ನೋಡಿದ ಮನುಷ್ಯ ಮೊದಲ ಸಲ ಯಾವ ವಾಯರೂ ಇಲ್ಲದೆ ಎದುರಿಗೆ ಕುಳಿತಿದ್ದ.

"ಅಕ್ಕಾರ, ನಾ ಯರಗಟ್ಟಿ ದಸ್ತಗೀರ" ಎಂದು ಎದ್ದು ನಿಂತರು. "ನಮ್ಮ ಟೈರಿನ ಅಂಗಡಿಗೆ ಬರೂ ಮಂದಿ ಹೇಳಿದ್ರು, ಹಳೀ ಕ್ಯಾಸೆಟ್ ನೀವು ಚಾಲೂ ಮಾಡ್ತೀರಂತ."

"ಬರ್ರಿ ಕಾಕಾ, ಒಳಗ ಬಂದು ಕುಂದರ್ರಿ."

ಒಳಗೆ ಬಂದರೂ ಕುರ್ಚಿಯ ತುದಿಗೆ ಕುಳಿತರು. ನೀರು ಕುಡಿದರು. ಬಂದ ವಿಷಯಕ್ಕೆ ಬರಲು ಮತ್ತೊಂದು ಲೋಟ ನೀರು ಬೇಕಾಯಿತು.

"ರಾಮದುರ್ಗದ ಆ ಕುಸ್ತಿದು ಒಂದು ಕ್ಯಾಸೆಟ್ ಐತಂತ, ನಿಂಗಪ್ಪನ ಹಂತೇಕ. ನಾ ಅದನ್ನ ನೋಡಿಲ್ರಿ. ಒಮ್ಮಿ ನೋಡಬೇಕು."

"ನೀವು ನೋಡಽ ಇಲ್ಲೇನ್ರಿ?"

"ಯಾರ ತೋರಿಸ್ತಾರ? ಅವ ನನ್ನ ಮಾರಿ ನೋಡೂದಿಲ್ಲ. ನೀವು ಸೋದರಸೊಸಿ ಅದೀರಿ, ಕೇಳಿ ನೋಡ್ರಿ. ಕೊಡಾಂಗಿಲ್ಲ ಅಂದ್ರ ಬ್ಯಾಡ."

ಸಂಜೆ ಮಾವನಿಗೆ ಫೋನು ಮಾಡಿದೆ. ಆ ಕಡೆ ಬಹಳ ಹೊತ್ತು ಮಗ್ಗದ ಸದ್ದೊಂದೇ ಕೇಳಿತು.

"ಅವಗ ಯಾಕ ಬೇಕಂತ?"

"ಹೇಳಲಿಲ್ಲ."

"ಮಂದಿಗೆ ತೋರಸಾಕ ಇರ್ಬೇಕು, ನಾ ಮಣ್ಣಾಗ ಬಿದ್ದಿದ್ದು. ಕ್ಯಾಸೆಟ್ ಕೊಡಂಗಿಲ್ಲ ನಾ." ಮತ್ತೆ ಮಗ್ಗದ ಸದ್ದು. "ನಾನಽ ತರತೇನಿ. ನನ್ನ ಮುಂದಽ ನೋಡ್ಲಿ. ಐತವಾರ ಬಾ ಅನ್ನು."

ಭಾನುವಾರಕ್ಕೆ ಮುಂಚೆ ನನಗೆ ಕೆಲಸವಿತ್ತು. ಮಾವ ಒಂದು ದಿನ ಮೊದಲೇ ಬಂದು ಕ್ಯಾಸೆಟ್ ಕೊಟ್ಟ. ಬಿಚ್ಚಿ ನೋಡಿದರೆ ಟೇಪಿನ ಅಂಚಿಗೆ ಉಪ್ಪಿನಕಾಯಿಯ ಮೇಲೆ ಬರುವಂಥ ಬಿಳಿ ಬೂಷ್ಟು. ಹಾಗೆಯೇ ಹಾಕಿದರೆ ಹೆಡ್ಡೂ ಹಾಳು, ಟೇಪೂ ಹಾಳು. ಮೆತ್ತನೆಯ ಬಟ್ಟೆಯಿಂದ, ಕೈಯಿಂದ ಸುತ್ತುತ್ತ, ಗೇಣು ಗೇಣೇ ಒರೆಸಿದೆ. ಮಾವ ಪಕ್ಕದಲ್ಲಿ ಕುಳಿತು, ಮಗ್ಗದಲ್ಲಿ ಹರಿದ ಎಳೆ ಕೂಡಿಸುವಾಗ ಹೇಗೆ ಉಸಿರು ಬಿಗಿಹಿಡಿಯುತ್ತಾನೋ ಹಾಗೆ ಉಸಿರು ಬಿಗಿಹಿಡಿದಿದ್ದ. "ಇದು ಒಮ್ಮೆ ಓಡಬಹುದು ಮಾಮಾ. ಇನ್ನೊಮ್ಮೆ ಓಡ್ತೈತಿ ಅಂತ ನಾ ಹೇಳಂಗಿಲ್ಲ" ಎಂದೆ. "ಒಮ್ಮಿ ಸಾಕು" ಎಂದ.

ಕಿತ್ತೂರಿನಲ್ಲಿ ನನ್ನ ಗೆಳತಿಯೊಬ್ಬಳ ಅಟ್ಟದ ಮೇಲೆ ನಾಲ್ಕು ಹೆಡ್ಡಿನ ವಿಸಿಆರ್ ಇತ್ತು. ನಾಲ್ಕು ಹೆಡ್ಡಿದ್ದರೆ ನಿಲ್ಲಿಸಿದ ಚಿತ್ರ ಗೆರೆಯಿಲ್ಲದೆ ನಿಲ್ಲುತ್ತದೆ. ನಮಗೆ ಬೇಕಾದದ್ದು ಅದೇ. ಅಷ್ಟು ವರ್ಷ ವಾಯರುಗಳ ಹಿಂದೆ ಓಡಿದ ನನಗೆ ಪೆಟ್ಟಿಗೆಯನ್ನೇ ಬದಲಿಸುವುದು ಹೊಳೆದದ್ದು ತಡವಾಗಿ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಗೋಡೆಯ ಅಗಲ ಟಿವಿಯನ್ನು ಮುಟ್ಟಲಿಲ್ಲ. ಅದು ಹಳೆಯ ಚಿತ್ರವನ್ನು ತನ್ನ ಅಗಲಕ್ಕೆ ಜಗ್ಗಿ ಜಗ್ಗಿ ಕೆಡಿಸುತ್ತದೆ. ಹಳೆಯ ಕ್ಯಾಸೆಟ್ಟಿಗೆ ಅದರ ಕಾಲದ ಟಿವಿಯೇ ಸರಿ ಎಂದು ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದ ಪಿಕ್ಚರ್ ಟ್ಯೂಬಿನ ಟಿವಿಯನ್ನು ಹಾಲಿಗೆ ತಂದೆ. ಹಳದಿ ಪಿನ್ನನ್ನು ಉಜ್ಜಿ, ಗಟ್ಟಿಯಾಗಿ ಒತ್ತಿದೆ. ಬೆಳಕು ತುಸು ಕಡಿಮೆ ಮಾಡಿ, ಚಿತ್ರವನ್ನು ಮೊನಚು ಮಾಡುವ ಗುಂಡಿಯನ್ನು ಪೂರಾ ಇಳಿಸಿದೆ. ಜಾಸ್ತಿ ಮೊನಚು ಮಾಡಿದರೆ ಇಲ್ಲದ ಅಂಚು ಕಾಣುತ್ತದೆ. ನಮಗೆ ಇದ್ದದ್ದು ಬೇಕಿತ್ತು.

ಭಾನುವಾರ ಬೆಳಿಗ್ಗೆ ದಸ್ತಗೀರ ಕಾಕಾ ಬಂದರು. ಮಾವ ಸೋಫಾದ ಈ ತುದಿ, ಅವರು ಆ ತುದಿ. ನಡುವೆ ಇಬ್ಬರು ಕುಳಿತುಕೊಳ್ಳುವಷ್ಟು ಜಾಗ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾತೆಲ್ಲ ನನ್ನ ಮೂಲಕ.

"ಅವ್ರಿಗೆ ಚಾ ಕೊಡು" ಎಂದ ಮಾವ.

"ಅವ್ರು ತಗೊಂಡ್ರನ್ರಿ?" ಎಂದರು ಕಾಕಾ.

ಕ್ಯಾಸೆಟ್ ಒಳಗೆ ಹೋಯಿತು. ಮೊದಲು ಒಂದಿಷ್ಟು ಚುಕ್ಕೆ. ನಂತರ ಚಿತ್ರ ನಿಂತಿತು. ನಾನು ಇಷ್ಟು ವರ್ಷ ನೋಡದೇ ಇದ್ದಂಥ ಚಿತ್ರ. ಕೆಂಪು ಮಣ್ಣಿನ ಮೇಲೆ ಪೂಜೆಗೆಂದು ಚೆಲ್ಲಿದ ನಿಂಬೆಹಣ್ಣುಗಳು, ಹಲಗೆ ಬಾರಿಸುವವನ ಕೈ, ಪಂಚರ ರುಮಾಲು. ಇಬ್ಬರು ತರುಣರು ಬಂದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು.

"ಎಷ್ಟು ತೆಳ್ಳಗಿದ್ದೆ ನಾ" ಎಂದರು ಕಾಕಾ, ಯಾರಿಗೂ ಅಲ್ಲ ಎಂಬಂತೆ.

ಕುಸ್ತಿ ನಡೆಯಿತು. ಮಾವನ ಕೈಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಹಿಡಿಯುತ್ತ, ಬಿಡುತ್ತ ಇದ್ದವು. ಕಾಕಾ ಒಮ್ಮೆ ಎಡಕ್ಕೆ ವಾಲಿದರು, ಪರದೆಯ ಮೇಲೆ ಅವರು ವಾಲಿದಾಗ. ಎತ್ತುವ ಗಳಿಗೆ ಬಂತು. ಎತ್ತಿದರು, ಒಗೆದರು, ಮಾವ ಹೊರಳಿದ, ಬಿದ್ದ. ಪಂಚರು ಬಗ್ಗುವುದಕ್ಕೆ ಮೊದಲು ನಾನು ಗುಂಡಿ ಒತ್ತಿ ಚಿತ್ರ ನಿಲ್ಲಿಸಿದೆ.

ಗೆರೆಯಿಲ್ಲ, ಚುಕ್ಕೆಯಿಲ್ಲ. ಚಿತ್ರ ಕಲ್ಲಿನಂತೆ ನಿಂತಿತು. ಇನ್ನೊಂದೀಟು ಎನ್ನಲು ಏನೂ ಉಳಿದಿರಲಿಲ್ಲ. ಮಾವನ ಎಡ ಭುಜ ಪರದೆಯ ನಟ್ಟನಡುವೆ ಇತ್ತು. ಮೂವರೂ ಎದ್ದು ಹತ್ತಿರ ಹೋದೆವು. ಹತ್ತಿರ ಹೋದ ಮೇಲೆ ನನಗೆ ತಿಳಿಯಿತು. ಅಷ್ಟು ಹೊತ್ತು ಹೊರಳಾಡಿದ ಮಾವನ ಮೈಗೆ ಅಖಾಡದ ಮಣ್ಣು ಪೂರಾ ಮೆತ್ತಿಕೊಂಡಿತ್ತು. ಭುಜದ ಬಣ್ಣ, ನೆಲದ ಬಣ್ಣ ಒಂದೇ. ಭುಜ ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಒಂದು ಗೆರೆಯೂ ಇರಲಿಲ್ಲ. ಇದು ವಾಯರಿನ ದೋಷವಲ್ಲ. ಆ ದಿನ ಕ್ಯಾಮೆರಾದ ಮುಂದೆಯೇ ಆ ಗೆರೆ ಇರಲಿಲ್ಲ. ನಾನು ಇಷ್ಟು ವರ್ಷ ಇಲ್ಲದ್ದನ್ನು ತರಲು ದಾರಿ ಹುಡುಕುತ್ತಿದ್ದೆ.

ಮಾವನಿಗೆ ಹೇಳಬೇಕಾಗಲಿಲ್ಲ. ಎಳೆ ನೋಡಿ ನೋಡಿ ಪಳಗಿದ ಕಣ್ಣು ಅವನದು. ಬಹಳ ಹೊತ್ತು ನೋಡಿ ಹಿಂದಕ್ಕೆ ಸರಿದ. ಮೊದಲ ಸಲ ನೇರವಾಗಿ ಆ ಕಡೆ ತಿರುಗಿದ.

"ದಸ್ತಗೀರ, ನೀನಽ ಹೇಳು. ನಿನ್ನ ಕೈ ಅಲ್ಲೇ ಇತ್ತು. ಹತ್ತಿತ್ತೋ ಇಲ್ಲೋ?"

ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

"ಅದನ್ನ ನೋಡಾಕಽ ನಾ ಬಂದಿದ್ದೆ."

"ಅಂದ್ರ?"

"ನನಗೂ ಗೊತ್ತಿಲ್ಲೋ ನಿಂಗಪ್ಪ. ನನ್ನ ಮಾರಿ ನಿನ್ನ ಬಗಲಾಗಿತ್ತು. ಕಣ್ಣಾಗ ಮಣ್ಣು. ಪಂಚರು ನನ್ನ ಕೈ ಹಿಡದು ಎತ್ತಿದ್ರು, ಎದ್ದು ನಿಂತೆ. ಮಂದಿ ಹೊತ್ಕೊಂಡು ಕುಣದ್ರು. ಆಗ ನಾ ಯಾರ್ನ ಕೇಳ್ಬೇಕಿತ್ತು? ನಿನ್ನ ಕೇಳಿದ್ರ ನೀ ಹತ್ತಿಲ್ಲ ಅಂತಿದ್ದಿ, ಪಂಚರನ್ನ ಕೇಳಿದ್ರ ಹತ್ತೇತಿ ಅಂತಿದ್ರು."

ಮಾವ ಇನ್ನೊಂದು ಹೆಜ್ಜೆ ಹಿಂದೆ ಸರಿದು ಸೋಫಾಕ್ಕೆ ಒರಗಿದ.

"ಮುಂದಿನ ತಿಂಗಳ ನಮ್ಮೂರಾಗ ಸತ್ಕಾರ ಇಟ್ಟಾರ ನನಗ" ಎಂದರು ಕಾಕಾ. "ದೊಡ್ಡ ಬ್ಯಾನರ್ ಮಾಡಸ್ತಾರಂತ. ರಾಮದುರ್ಗದ ನಿಂಗಪ್ಪನ್ನ ಚಿತ್ ಮಾಡಿದ ಪೈಲ್ವಾನ ಅಂತ ಬರಸ್ತೇವಿ ಅಂದ್ರು. ನಾ ಅಂದೆ, ತಡೀರಿ. ಎಲ್ಲಿ ಹೋದ್ರೂ ಅದನ್ನಽ ಹೇಳಿ ನನಗ ಮಾಲಿ ಹಾಕ್ಯಾರ. ಬಾಯಿಲೆ ಹೇಳಿದ್ದು ಗಾಳಿಗೆ ಹೋತು. ಬರದು ತೂಗಹಾಕಿದ ಮ್ಯಾಲ ಅದರ ಕೆಳಗ ನಾ ಹೆಂಗ ಕುಂದರ್ಲಿ?"

ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಒಬ್ಬ ಸೋತವನು ಇಷ್ಟು ವರ್ಷ ಆ ಒಂದು ಗಳಿಗೆಯಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ನಮಗೆಲ್ಲ ಗೊತ್ತಿತ್ತು. ಗೆದ್ದವನೂ ಅದೇ ಗಳಿಗೆಯಲ್ಲಿ ಸಿಕ್ಕಿಕೊಂಡಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮಾವ ಒಮ್ಮೆ ಪರದೆಯ ಕಡೆ, ಒಮ್ಮೆ ನೆಲದ ಕಡೆ ನೋಡಿದ. ಆಮೇಲೆ ಸೋಫಾದ ಕೈ ಹಿಡಿದು, ಮೊಣಕಾಲು ಮಡಚಿ, ನರಳುತ್ತ ಜಮಖಾನದ ಮೇಲೆ ಕುಳಿತ. ಅಲ್ಲಿಂದ ಮೆಲ್ಲಗೆ ಬಲಕ್ಕೆ ಹೊರಳಿ ಮಲಗಿದ.

"ಬಾ ಇಲ್ಲೆ. ನಿನ್ನ ಬಲಗೈ ಎಲ್ಲಿತ್ತು?"

"ಏ, ಬಿಡೋ. ಎದಿ ಹಿಡಕೊಂಡೀತು."

"ಬಾ ಅಂದ್ರ ಬಾ."

ಕಾಕಾ ನನ್ನ ಮುಖ ನೋಡಿದರು. ಅವರೂ ಮೊಣಕಾಲೂರಿದರು. ಪರದೆಯ ಮೇಲಿನ ಚಿತ್ರ ನೋಡಿ ನೋಡಿ ಕೈಯನ್ನು ಮಾವನ ಕತ್ತಿನ ಕೆಳಗೆ ತೂರಿಸಿದರು.

"ಹಿಂಗಲ್ಲ, ಇನ್ನಷ್ಟು ಕೆಳಗ" ಎಂದ ಮಾವ.

"ಹಿಂಗೇನು?"

"ಹಾಂ. ಈಗ ಒತ್ತು."

"ಒತ್ತಾಕತ್ತೇನಲ್ಲೋ."

"ಇದಕ್ಕ ಒತ್ತೂದು ಅಂತಾರನು? ಹಿಟ್ಟ ನಾದಿದಂಗ ಆತು."

ಇಬ್ಬರು ಮುದುಕರು ನನ್ನ ಹಾಲಿನ ನೆಲದ ಮೇಲೆ, ಒಬ್ಬರ ಮೇಲೊಬ್ಬರು ಅರ್ಧ ಒರಗಿ, ಪರದೆಯ ಮೇಲಿನ ಇಬ್ಬರು ತರುಣರಂತೆ ಅಂಗಾಂಗ ಜೋಡಿಸಿಕೊಳ್ಳಲು ಹೆಣಗುತ್ತಿದ್ದರು. ಮಾವನ ಎಡ ಭುಜ ಜಮಖಾನದಿಂದ ಎರಡು ಬೆರಳಿನಷ್ಟು ಮೇಲಿತ್ತು. ಅದನ್ನು ಹಾಗೆ ಎತ್ತಿ ಹಿಡಿಯಲು ಅವನ ಕತ್ತಿನ ನರಗಳು ಉಬ್ಬಿದ್ದವು. ಅವನು ಕೊಂಚ ಹೊತ್ತು ಹಾಗೆಯೇ ಛಾವಣಿ ನೋಡುತ್ತ ಇದ್ದ. ಆಮೇಲೆ, ಯಾರೂ ಒತ್ತದೆ, ತಾನೇ ಆ ಭುಜವನ್ನು ಮೆಲ್ಲಗೆ ಇಳಿಸಿ ನೆಲಕ್ಕೆ ಹಚ್ಚಿದ. ಇಡೀ ಬೆನ್ನು ಜಮಖಾನಕ್ಕೆ ಹತ್ತಿತು. ಒಂದು ದೊಡ್ಡ ಉಸಿರು ಬಿಟ್ಟ.

"ನೋಡು, ಈಗ ಹತ್ತೇತಿ. ಎರಡೂ ಹತ್ಯಾವ. ಸುಮಾ ನೋಡ್ಯಾಳ. ಹೋಗಿ ಬ್ಯಾನರ್ ಬರಸು."

ಕಾಕಾ ಕೈ ಹಿಂದಕ್ಕೆ ತೆಗೆದರು. "ಹಿಂಗೆಲ್ಲಾ ನಡ್ಯಾಂಗಿಲ್ಲ. ನಾ ಎಲ್ಲಿ ಕೆಡವೇನಿ? ನೀನಽ ಮಲಕೊಂಡಿ."

"ಕೆಡವಿದ್ರೇನು, ಮಲಕೊಂಡ್ರೇನು? ಭುಜ ಹತ್ತಿತೋ ಇಲ್ಲೋ?"

"ಹತ್ತಿಲ್ಲ! ಇದು ಕುಸ್ತ್ಯಾಗ ಹಿಡ್ಯಾಂಗಿಲ್ಲ."

"ಹತ್ತೇತಿ ಅಂದ್ರ ಹತ್ತೇತಿ!"

ನಿಲ್ಲಿಸಿದ ಚಿತ್ರವನ್ನು ವಿಸಿಆರ್ ಬಹಳ ಹೊತ್ತು ಹಿಡಿಯುವುದಿಲ್ಲ, ಟೇಪು ಸವೆಯಬಾರದೆಂದು ತಾನೇ ಬಿಟ್ಟುಬಿಡುತ್ತದೆ. ಪರದೆಯ ಮೇಲೆ ಧೂಳೆದ್ದಿತು, ಪಂಚರು ಬಗ್ಗಿದರು, ಒಂದು ಕೈ ಮೇಲೆ ಹೋಯಿತು, ಜನ ಕೂಗಿದರು. ಕೆಳಗೆ ಇಬ್ಬರಲ್ಲಿ ಯಾರೂ ಆ ಕಡೆ ತಿರುಗಲಿಲ್ಲ. ಮಾವ ಮಲಗಿದಲ್ಲಿಂದಲೇ ತಾನು ಸೋತೆ ಎಂದು ಗಂಟಲು ಹರಿಯುವಂತೆ ವಾದಿಸುತ್ತಿದ್ದ. ದಸ್ತಗೀರ ಕಾಕಾ ಅವನ ಎರಡೂ ಕೈ ಹಿಡಿದು ಎಬ್ಬಿಸಲು ಜಗ್ಗುತ್ತ, ಇಲ್ಲ, ನೀ ಸೋತಿಲ್ಲ ಎನ್ನುತ್ತಿದ್ದರು. ನಾನು ಟಿವಿ ಆರಿಸಿ, ಇನ್ನೊಂದು ಸಲ ಚಹಕ್ಕೆ ಇಡಲು ಒಳಗೆ ಹೋದೆ.